‘ಬಸ್ಸು’ ಎಂಬ ಪ್ರತ್ಯಯದ ಪ್ರಯಾಣ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು ಇಲ್ಲಿಯೇ ಮನೆ ಮಾಡಿಕೊಂಡ ಮಾತುಗಳಲ್ಲಿ ‘ಬಸ್ಸು’ ಒಂದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಅದು ಪರಭಾಷೆಯ ಮಾತೆಂದು ಅನ್ನಿಸುವುದಿಲ್ಲ. ಹಳ್ಳಿಯಲ್ಲಿ ಬೆಳೆದವರಿಗಂತೂ ಅದು ಬರಿಯ ವಾಹನದ ಹೆಸರಲ್ಲ, ಗಡಿಯಾರವೂ ಹೌದು. ‘ಒಂಬತ್ತರ ಬಸ್ಸು ಹೋಯಿತು, ಇನ್ನೂ ಕೊಟ್ಟಿಗೆ ಗುಡಿಸಿಲ್ಲ’ ಎಂದು ಗೊಣಗುವ ಮನೆಯೊಡತಿ, ‘ಹಾಲ್ಟಿಂಗ್ ಬಸ್ಸು ಬಂತು, ಇನ್ನು ಮಲಗಿ’ ಎಂದು ಮಕ್ಕಳನ್ನು ಗದರುವ ಯಜಮಾನ, ಇವರೆಲ್ಲ ಹೊತ್ತನ್ನು ಅಳೆಯುತ್ತಿದ್ದದ್ದು ಬಸ್ಸಿನಿಂದಲೇ. ಪೇಟೆಯ ಸುದ್ದಿ, ಅಂಚೆಯ ಚೀಲ, ಮದುವೆಯ ದಿಬ್ಬಣ, ಬಾಣಂತಿಯಾಗಿ ತವರಿಗೆ ಹೊರಟ ಮಗಳು, ಎಲ್ಲವೂ ಬಂದು ಹೋಗುತ್ತಿದ್ದದ್ದು ಅದೇ ದೂಳು ತುಂಬಿದ ಬಾಗಿಲಿನಿಂದ.

ಇಷ್ಟು ಬಳಕೆಯ ಈ ಮಾತಿನ ಅರ್ಥವೇನೆಂದು ಎಂದಾದರೂ ಯೋಚಿಸಿದ್ದೀರಾ? ಕಾರು, ರೈಲು, ಲಾರಿ ಎಂಬ ಮಾತುಗಳಂತೆ ಇದಕ್ಕೂ ಬಂಡಿ, ಹಳಿ, ಗಾಲಿ ಎಂಬಂಥ ಅರ್ಥ ಇದ್ದೀತೆಂದು ನಾವು ಭಾವಿಸುತ್ತೇವೆ. ಆದರೆ ‘ಬಸ್’ ಎಂಬುದಕ್ಕೆ ಮೂಲದಲ್ಲಿ ಸ್ವತಂತ್ರವಾದ ಅರ್ಥವೇ ಇಲ್ಲ. ಅದೊಂದು ನಾಮಪದವಲ್ಲ, ಕ್ರಿಯಾಪದವೂ ಅಲ್ಲ. ನಾವು ಶಾಲೆಯಲ್ಲಿ ಉರು ಹೊಡೆದ ವಿಭಕ್ತಿ ಪ್ರತ್ಯಯಗಳಿವೆಯಲ್ಲ, ‘ಉ, ಅನ್ನು, ಇಂದ, ಗೆ’, ಅಂಥ ಒಂದು ಪ್ರತ್ಯಯ ಅದು. ಪ್ರಪಂಚದ ಊರೂರುಗಳಲ್ಲಿ ಹಗಲಿರುಳು ಓಡಾಡುತ್ತಿರುವುದು ವ್ಯಾಕರಣದ ಒಂದು ತುಣುಕು!

‘ಸರ್ವೇಭ್ಯಃ’ ಎಂಬ ಮಾತಿನ ಬಾಲ

ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಸ್’ ಎಂದರೆ ಎಲ್ಲ, ಸಮಸ್ತ ಎಂದು ಅರ್ಥ. ಅದಕ್ಕೆ ಬಹುವಚನದ ಚತುರ್ಥೀ ವಿಭಕ್ತಿಯ ಪ್ರತ್ಯಯ ಹಚ್ಚಿದರೆ ‘ಓಮ್ನಿಬುಸ್’ ಆಗುತ್ತದೆ. ಅಂದರೆ ‘ಎಲ್ಲರಿಗೆ’, ‘ಎಲ್ಲರಿಗಾಗಿ’. ಸಂಸ್ಕೃತ ಬಲ್ಲವರು ‘ರಾಮೇಭ್ಯಃ’, ‘ಸರ್ವೇಭ್ಯಃ’ ಎಂಬ ರೂಪಗಳನ್ನು ನೆನಪಿಸಿಕೊಳ್ಳಲಿ. ಅಲ್ಲಿನ ‘ಭ್ಯಃ’ ಮತ್ತು ಲ್ಯಾಟಿನ್ನಿನ ‘ಬುಸ್’ ಪ್ರಾಚೀನ ಕಾಲದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೀಗಾಗಿ ‘ಓಮ್ನಿಬಸ್’ ಎಂದು ಬರೆದ ಗಾಡಿಯನ್ನು ನಮ್ಮ ಪಂಡಿತರೊಬ್ಬರು ‘ಸರ್ವೇಭ್ಯಃ’ ಎಂದು ಕರೆದಿದ್ದರೆ ತಪ್ಪಾಗುತ್ತಿರಲಿಲ್ಲ.

ಉದ್ದದ ಮಾತನ್ನು ಕತ್ತರಿಸುವುದು ಆಡುಮಾತಿನ ಸ್ವಭಾವ. ‘ಟೆಲಿಫೋನ್’ ಹೋಗಿ ‘ಫೋನ್’ ಆದಂತೆ ‘ಓಮ್ನಿಬಸ್’ ಎಂಬುದು 1830ರ ದಶಕದಲ್ಲಿಯೇ ಲಂಡನ್ನಿನ ಜನರ ಬಾಯಲ್ಲಿ ‘ಬಸ್’ ಆಯಿತು. ಹಳೆಯ ಮುದ್ರಣಗಳಲ್ಲಿ ಆ ಮಾತಿನ ಹಿಂದೆ ಒಂದು ಕೊಂಬಿನಂಥ ಗುರುತು ಹಾಕುತ್ತಿದ್ದರು, ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ತೋರಿಸಲು. ಕ್ರಮೇಣ ಆ ಗುರುತೂ ಅಳಿಸಿಹೋಯಿತು. ‘ಫೋನ್’ ಎಂದಾಗ ‘ದೂರ’ ಹೋಗಿ ‘ಧ್ವನಿ’ ಉಳಿಯಿತು. ಉಳಿದದ್ದಕ್ಕೂ ಒಂದು ಅರ್ಥವಿತ್ತು. ‘ಬಸ್’ ಎಂದಾಗ ಮಾತ್ರ ‘ಎಲ್ಲ’ ಎಂಬ ಇಡೀ ಅರ್ಥವೇ ಕಳಚಿಬಿದ್ದು ‘ಗೆ’ ಎಂಬ ಬಾಲ ಉಳಿಯಿತು.

ಇದು ವ್ಯಾಕರಣದ ತಮಾಷೆ ಎಂದು ನಕ್ಕು ಬಿಡಬಹುದಾಗಿತ್ತು. ಆದರೆ ಬಸ್ಸಿನ ಚರಿತ್ರೆಯನ್ನು ತಿರುವಿಹಾಕಿದರೆ ಬೇರೊಂದು ಸಂಗತಿ ಕಾಣುತ್ತದೆ. ಮಾತಿನಿಂದ ಉದುರಿಹೋದ ಆ ‘ಎಲ್ಲ’ ವಾಹನದಿಂದಲೂ ಮೇಲಿಂದ ಮೇಲೆ ಉದುರುತ್ತ ಬಂದಿದೆ. ಅದನ್ನು ಮತ್ತೆ ತಂದು ಕೂಡಿಸಲು ಜನ ಪಟ್ಟ ಪಾಡೇ ಬಸ್ಸಿನ ಕತೆಯ ಬಹುಭಾಗ.

ಗಣಿತಜ್ಞನ ಗಾಡಿ

ಹೆಸರು ಹುಟ್ಟುವುದಕ್ಕೆ ಒಂದೂವರೆ ಶತಮಾನ ಮೊದಲೇ ವಸ್ತು ಹುಟ್ಟಿತ್ತು. ವಿಜ್ಞಾನದ ಪಾಠದಲ್ಲಿ ದ್ರವಗಳ ಒತ್ತಡದ ನಿಯಮ ಓದುವಾಗ ಬರುವ ಬ್ಲೇಸ್ ಪಾಸ್ಕಲ್ ಹೆಸರು ನಿಮಗೆ ನೆನಪಿರಬಹುದು. ಈ ಫ್ರೆಂಚ್ ಗಣಿತಜ್ಞನಿಗೆ ತನ್ನ ಬಾಳಿನ ಕೊನೆಯ ವರ್ಷದಲ್ಲಿ ಒಂದು ಯೋಚನೆ ಹೊಳೆಯಿತು. ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ, ಜನ ಇರಲಿ ಇಲ್ಲದಿರಲಿ ಗಾಡಿ ಓಡಬೇಕು. ಹತ್ತಿದವರು ತಮ್ಮ ಒಂದು ಜಾಗಕ್ಕೆ ಮಾತ್ರ ದುಡ್ಡು ಕೊಟ್ಟರೆ ಸಾಕು. ಇಂದು ನಮಗೆ ಇದರಲ್ಲಿ ವಿಶೇಷ ಕಾಣದು. ಆಗ ಗಾಡಿ ಬೇಕಾದವನು ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿಯಬೇಕಾಗಿತ್ತು. ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆ ಪಡೆದು 1662ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಪಾಸ್ಕಲ್‌ನ ಗಾಡಿಗಳು ಹೊರಟವು. ಒಂದು ಸೀಟಿಗೆ ಐದು ‘ಸೋಲ್’ ನಾಣ್ಯ. ಮೊದಲ ದಿನಗಳಲ್ಲಿ ಜನ ಮುಗಿಬಿದ್ದರು.

ಆದರೆ ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆ ಈ ಯೋಜನೆಗೆ ಒಪ್ಪಿಗೆ ಕೊಡುವಾಗಲೇ ಒಂದು ಷರತ್ತು ಹಾಕಿತ್ತು. ಸಿಪಾಯಿಗಳು, ಮನೆಯಾಳುಗಳು, ಕೂಲಿ ಕೆಲಸದವರು ಈ ಗಾಡಿ ಹತ್ತಕೂಡದು. ದೊಡ್ಡವರಿಗೆ ಇರಿಸುಮುರಿಸಾಗಬಾರದು ಎಂಬುದು ಕಾರಣ. ಗಾಡಿಯ ಅಗತ್ಯ ಹೆಚ್ಚಾಗಿದ್ದದ್ದು ಯಾರಿಗೋ ಅವರನ್ನೇ ಕೆಳಗೆ ನಿಲ್ಲಿಸಿದ್ದಾಯಿತು. ಸ್ವಂತ ಸಾರೋಟು ಇದ್ದವರಿಗೆ ಹೊಸತನದ ಮೋಜು ತೀರಿದ ಮೇಲೆ ಅದು ಬೇಡವಾಯಿತು. ಪಾಸ್ಕಲ್ ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ಗಾಡಿಗಳು ಸುಮಾರು ಹದಿನೈದು ವರ್ಷ ಕುಂಟುತ್ತ ಓಡಿ ನಿಂತವು.

ಬಿಸಿನೀರು ತಂದ ಬಸ್ಸು

ಮುಂದಿನ ಅಧ್ಯಾಯ ಫ್ರಾನ್ಸಿನ ಪಶ್ಚಿಮದ ನಾಂತ್ ಎಂಬ ಊರಿನದು. ಅಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬ ಮಾಜಿ ಸೇನಾಧಿಕಾರಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದ. ಮಿಲ್ಲಿನ ಹಬೆಯಂತ್ರದಿಂದ ಬರುವ ಬಿಸಿನೀರು ವ್ಯರ್ಥವಾಗುತ್ತಿದ್ದುದನ್ನು ನೋಡಿ ಒಂದು ಸ್ನಾನಗೃಹ ತೆರೆದ. ಮಿಲ್ಲು ಊರ ಹೊರಗಿತ್ತು. ಗಿರಾಕಿಗಳನ್ನು ಕರೆತರಲು 1826ರಲ್ಲಿ ಊರ ನಡುವಿನಿಂದ ಕುದುರೆಗಾಡಿಯ ಏರ್ಪಾಟು ಮಾಡಿದ. ಸ್ವಲ್ಪ ದಿನದಲ್ಲಿ ಅವನಿಗೆ ವಿಚಿತ್ರವೊಂದು ಕಂಡಿತು. ಗಾಡಿ ಹತ್ತಿದವರಲ್ಲಿ ಅನೇಕರು ಸ್ನಾನಕ್ಕೆ ಬರುತ್ತಲೇ ಇರಲಿಲ್ಲ; ದಾರಿಯ ನಡುವೆ ತಮಗೆ ಬೇಕಾದಲ್ಲಿ ಇಳಿದು ಹೋಗುತ್ತಿದ್ದರು. ಜನಕ್ಕೆ ಬೇಕಾದದ್ದು ಸ್ನಾನವಲ್ಲ, ಸವಾರಿ ಎಂದು ಅರಿತ ಬೋದ್ರಿ ಸ್ನಾನಗೃಹವನ್ನು ಬಿಟ್ಟು ಗಾಡಿಯನ್ನೇ ಉದ್ಯೋಗ ಮಾಡಿಕೊಂಡ.

ಹೆಸರಿನ ವಿಚಾರದಲ್ಲಿ ಒಂದು ಐತಿಹ್ಯವಿದೆ. ಗಾಡಿ ನಿಲ್ಲುವ ಜಾಗದಲ್ಲಿ ಓಮ್ನೆಸ್ ಎಂಬವನ ಟೋಪಿ ಅಂಗಡಿ ಇತ್ತಂತೆ. ಅವನು ತನ್ನ ಹೆಸರಿನ ಮೇಲೆ ಶ್ಲೇಷೆ ಮಾಡಿ ‘ಓಮ್ನೆಸ್ ಓಮ್ನಿಬುಸ್’, ಅಂದರೆ ‘ಎಲ್ಲವೂ ಎಲ್ಲರಿಗೂ’ ಎಂದು ಬೋರ್ಡು ಬರೆಸಿದ್ದನಂತೆ. ಕತೆ ನಿಜವೋ ಆಮೇಲೆ ಕಟ್ಟಿದ್ದೋ, ಗಾಡಿಗಂತೂ ‘ಓಮ್ನಿಬಸ್’ ಎಂಬ ಹೆಸರು ಅಂಟಿತು. 1828ರಲ್ಲಿ ಬೋದ್ರಿ ಪ್ಯಾರಿಸ್ಸಿಗೆ ಹೋಗಿ ದೊಡ್ಡ ಪ್ರಮಾಣದಲ್ಲಿ ಓಮ್ನಿಬಸ್ ಕಂಪನಿ ತೆರೆದ. ಇಷ್ಟೆಲ್ಲ ಮಾಡಿದವನಿಗೆ ಅದರ ಫಲ ಉಣ್ಣುವ ಯೋಗ ಇರಲಿಲ್ಲ. ಕಂಪನಿ ನಷ್ಟದಲ್ಲಿದ್ದಾಗಲೇ 1830ರಲ್ಲಿ ಅವನು ತೀರಿಕೊಂಡ.

ಪ್ಯಾರಿಸ್ಸಿನಲ್ಲಿ ಗಾಡಿ ಕಟ್ಟುವ ಕಸುಬು ಮಾಡಿದ್ದ ಜಾರ್ಜ್ ಷಿಲಿಬಿಯರ್ ಎಂಬ ಇಂಗ್ಲಿಷಿನವನು ಈ ವಿದ್ಯೆಯನ್ನು ಲಂಡನ್ನಿಗೆ ಒಯ್ದ. 1829ರ ಜುಲೈ 4ರಂದು ಪ್ಯಾಡಿಂಗ್ಟನ್ನಿನಿಂದ ಬ್ಯಾಂಕ್ ಪ್ರದೇಶದವರೆಗೆ ಮೂರು ಕುದುರೆಗಳು ಎಳೆಯುವ, 22 ಜನ ಹಿಡಿಸುವ ಅವನ ಗಾಡಿ ಓಡಿತು. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ಓಮ್ನಿಬಸ್’ ಎಂದು ಬರೆದಿತ್ತು. ಪೂರ್ತಿ ಪ್ರಯಾಣದ ದರ ಒಂದು ಷಿಲ್ಲಿಂಗ್. ಬರೆದದ್ದು ‘ಎಲ್ಲರಿಗೆ’ ಎಂದು. ಆದರೆ ದಿನವೂ ಹೋಗಿ ಬರಲು ಎರಡು ಷಿಲ್ಲಿಂಗ್ ಕೊಡುವ ಶಕ್ತಿ ಕೂಲಿಗಾರನಿಗೆ ಎಲ್ಲಿಂದ ಬರಬೇಕು? ಅವನು ಮೊದಲಿನಂತೆ ನಡೆದೇ ಹೋಗುತ್ತಿದ್ದ. ಓಮ್ನಿಬಸ್ಸು ಗುಮಾಸ್ತರ, ವರ್ತಕರ ವಾಹನವಾಯಿತು. ಪ್ಯಾರಿಸ್ಸಿನ ನ್ಯಾಯಸಭೆ ಕಾನೂನಿನಿಂದ ಹಾಕಿದ ತಡೆಯನ್ನು ಲಂಡನ್ನಿನಲ್ಲಿ ಟಿಕೆಟ್ಟಿನ ದರವೇ ಹಾಕಿತು.

ಆಮೇಲೆ ಗಾಡಿಯ ಮಾಳಿಗೆಯ ಮೇಲೂ ಬೆಂಚು ಹಾಕಿ ಜನರನ್ನು ಕೂರಿಸಲು ಆರಂಭಿಸಿದರು. ಅಲ್ಲಿಗೆ ಏರಲು ಇದ್ದದ್ದು ಕಡಿದಾದ ಏಣಿ. ನೆಲ ಮುಟ್ಟುವ ಉಡುಪಿನ ಹೆಂಗಸರು ಅದನ್ನು ಹತ್ತುವಂತಿರಲಿಲ್ಲ, ಹತ್ತಿದರೆ ಮರ್ಯಾದೆಯೂ ಅಲ್ಲ ಎಂದು ಆ ಕಾಲದ ಭಾವನೆ. ಹೀಗೆ ಗಾಳಿ ಬೆಳಕಿನ ಮೇಲಂತಸ್ತು ಬಹುಕಾಲ ಗಂಡಸರ ಪಾಲಾಯಿತು. 1880ರ ದಶಕದಲ್ಲಿ ಸುತ್ತು ಮೆಟ್ಟಿಲು ಬಂದ ಮೇಲೆಯೇ ಹೆಂಗಸರು ಮೇಲೆ ಕಾಣಿಸಿಕೊಂಡದ್ದು. ಒಂದು ಏಣಿಯ ಇಳಿಜಾರು ಕೂಡ ‘ಎಲ್ಲ’ರಲ್ಲಿ ಅರ್ಧ ಜನರನ್ನು ಕೆಳಗಿಳಿಸಬಲ್ಲದು.

ಕುದುರೆಯ ಜಾಗಕ್ಕೆ ಎಂಜಿನ್ ಬಂದದ್ದು ಜರ್ಮನಿಯಲ್ಲಿ. ಕಾರ್ಲ್ ಬೆಂಜ್‌ನ ಕಾರ್ಖಾನೆ ತಯಾರಿಸಿದ ಮೋಟಾರು ಬಸ್ಸು 1895ರಲ್ಲಿ ಸೀಗನ್ ಊರಿನ ಸುತ್ತ ಓಡತೊಡಗಿತು. ಅದು ಹೊರಟದ್ದೂ ಮಾರ್ಚ್ 18ರಂದೇ, ಪಾಸ್ಕಲ್‌ನ ಗಾಡಿ ಹೊರಟ ತಾರೀಕಿಗೇ. ಕಾಕತಾಳೀಯವೆಂದರೆ ಇದು.

ರಸ್ತೆ ಬಿಟ್ಟು ಓಡುವ ಬಸ್ಸುಗಳು

ಇಂಗ್ಲಿಷಿನಲ್ಲಿ ಈ ಮಾತು ವಾಹನಕ್ಕೆ ಮಾತ್ರ ನಿಲ್ಲಲಿಲ್ಲ. ‘ಎಲ್ಲರಿಗೆ’, ‘ಎಲ್ಲದಕ್ಕೆ’ ಎಂಬ ಮೂಲದ ಅರ್ಥ ಮತ್ತೆ ಮತ್ತೆ ಚಿಗುರುತ್ತ ಹೋಯಿತು. ಒಬ್ಬ ಲೇಖಕನ ಹಲವು ಕೃತಿಗಳನ್ನು ಒಂದೇ ರಟ್ಟಿನೊಳಗೆ ಹಾಕಿದರೆ ಅದು ಓಮ್ನಿಬಸ್ ಸಂಪುಟ. ಸಂಬಂಧವಿಲ್ಲದ ಹತ್ತಾರು ವಿಷಯಗಳನ್ನು ಒಂದೇ ಮಸೂದೆಯಲ್ಲಿ ತುಂಬಿದರೆ ಓಮ್ನಿಬಸ್ ಮಸೂದೆ. 1850ರಲ್ಲಿ ಅಮೆರಿಕದ ಸೆನೆಟರ್ ಹೆನ್ರಿ ಕ್ಲೇ ಗುಲಾಮಗಿರಿಯ ವಿವಾದವನ್ನು ಬಗೆಹರಿಸಲು ಅಂಥ ಮಸೂದೆ ತಂದಾಗ, ಯಾರು ಬೇಕಾದರೂ ಹತ್ತಬಹುದಾದ ಗಾಡಿಯಿದು ಎಂಬ ಅಣಕದಿಂದ ಆ ಹೆಸರು ಬಿತ್ತು. ಒಟ್ಟಿಗೆ ಇಟ್ಟಾಗ ಅದು ಬಿದ್ದುಹೋಯಿತು. ಬಿಡಿಬಿಡಿಯಾಗಿ ಇಟ್ಟಾಗ ಅದರ ಭಾಗಗಳು ಪಾಸಾದವು.

ವಿದ್ಯುತ್ ಕೇಂದ್ರಗಳಲ್ಲಿ ದಪ್ಪನೆಯ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಪಟ್ಟಿಯೊಂದಿರುತ್ತದೆ. ಎಲ್ಲ ಮಾರ್ಗಗಳಿಗೂ ವಿದ್ಯುತ್ತು ಹಂಚಿಕೆಯಾಗುವುದು ಅದರಿಂದ. ಆದ್ದರಿಂದ ಅದು ಓಮ್ನಿಬಸ್ ಬಾರ್, ಈಗ ಬಸ್‌ಬಾರ್. ಅಲ್ಲಿಂದ ಈ ಮಾತು ಕಂಪ್ಯೂಟರಿಗೆ ದಾಟಿತು. ಕಂಪ್ಯೂಟರಿನ ಬೇರೆಬೇರೆ ಭಾಗಗಳು ಹಂಚಿಕೊಳ್ಳುವ ಮಾಹಿತಿಯ ಹಾದಿಗೂ ಬಸ್ ಎಂದೇ ಹೆಸರು. ನಿಮ್ಮ ಮೊಬೈಲನ್ನು ಚಾರ್ಜಿಗೆ ಹಾಕುವ ಯುಎಸ್‌ಬಿ ತಂತಿಯ ಹೆಸರಿನ ಕೊನೆಯ ‘ಬಿ’ ಈ ಬಸ್ಸೇ. ಮೊದಲಿನ ‘ಯು’ ಎಂದರೆ ಯೂನಿವರ್ಸಲ್, ಎಲ್ಲೆಡೆಗೂ ಸಲ್ಲುವಂಥದು. ಲಂಡನ್ನಿನ ಜನ ಕಿತ್ತುಹಾಕಿದ ‘ಎಲ್ಲ’ವನ್ನು ಎಂಜಿನಿಯರುಗಳು ತಮಗರಿವಿಲ್ಲದೆಯೇ ಮತ್ತೆ ತಂದು ಜೋಡಿಸಿದರು!

ರಾಜಕೀಯದಲ್ಲೂ ಬಸ್ಸಿಗೆ ಜಾಗವಿದೆ. ಅವಕಾಶ ಕೈತಪ್ಪಿದವನು ‘ಬಸ್ ತಪ್ಪಿಸಿಕೊಂಡ’ ಎನ್ನುವುದು ಇಂಗ್ಲಿಷಿನ ವಾಡಿಕೆ. ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲಿನ್ 1940ರ ಏಪ್ರಿಲ್ 4ರಂದು ಹಿಟ್ಲರ್ ಹೀಗೆ ಬಸ್ ತಪ್ಪಿಸಿಕೊಂಡನೆಂದು ಭಾಷಣ ಮಾಡಿದರು. ಐದೇ ದಿನಗಳಲ್ಲಿ ಹಿಟ್ಲರನ ಸೈನ್ಯ ನಾರ್ವೆ, ಡೆನ್ಮಾರ್ಕುಗಳಿಗೆ ನುಗ್ಗಿತು. ಮೇ 10ರಂದು ಚೇಂಬರ್ಲಿನ್ ಅವರೇ ಪದವಿಯಿಂದ ಇಳಿದರು.

ನ್ಯಾಯಾಲಯಗಳಿಗೂ ಬಸ್ಸು ಒಂದು ಉಪಕಾರ ಮಾಡಿದೆ. ಒಬ್ಬನು ಮಾಡಿದ್ದು ಸರಿಯೋ ಅಜಾಗರೂಕತೆಯೋ ಎಂದು ತೀರ್ಮಾನಿಸಲು ಸಾಮಾನ್ಯ ವಿವೇಕದ ವ್ಯಕ್ತಿಯೊಬ್ಬನ ಅಳತೆಗೋಲು ಬೇಕು. ಇಂಗ್ಲಿಷ್ ಕಾನೂನಿನಲ್ಲಿ ಆತನಿಗೆ ‘ಕ್ಲಾಪಮ್ ಓಮ್ನಿಬಸ್ಸಿನ ಮನುಷ್ಯ’ ಎಂದು ಹೆಸರು. ಲಾರ್ಡ್ ಬೋವೆನ್ ಅವರದೆಂದು ಹೇಳಲಾಗುವ ಈ ಮಾತು 1903ರ ತೀರ್ಪೊಂದರಲ್ಲಿ ದಾಖಲಾಗಿದೆ. ಪಂಡಿತನೂ ಅಲ್ಲ, ದಡ್ಡನೂ ಅಲ್ಲ, ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಮನುಷ್ಯ. ಲೋಕದ ನಡತೆಗೆ ಅವನೇ ಪ್ರಮಾಣ. ಬಸ್ಸಿನಲ್ಲಿ ಯಾರಿಗೆ ಜಾಗವಿಲ್ಲವೋ ಅವರು ಆ ‘ಸಾಮಾನ್ಯ ಮನುಷ್ಯ’ರ ಲೆಕ್ಕಕ್ಕೂ ಸೇರುವುದಿಲ್ಲ ಎಂಬುದನ್ನು ಈ ಮಾತು ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಿದವರು ಬೇರೆಯವರು.

ಸೀಟಿನ ಪ್ರಶ್ನೆ

ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ಬಸ್ಸಿನ ಮುಂದಿನ ಸಾಲುಗಳು ಬಿಳಿಯರಿಗೆ ಮೀಸಲು. ಕರಿಯರು ಮುಂಬಾಗಿಲಿನಲ್ಲಿ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂಬಾಗಿಲಿನಿಂದ ಒಳಗೆ ಬರಬೇಕಾದ ಪ್ರಸಂಗಗಳೂ ಉಂಟು. ನಡುವಿನ ಸೀಟುಗಳಲ್ಲಿ ಕುಳಿತವರು ಬಿಳಿಯರು ಬಂದಾಗ ಎದ್ದುಕೊಡಬೇಕು. 1955ರ ಮಾರ್ಚಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಏಳಲಿಲ್ಲ, ಪೋಲೀಸರು ಎಳೆದೊಯ್ದರು. ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ 42 ವರ್ಷದ ಹೊಲಿಗೆ ಕೆಲಸದಾಕೆಯೂ ಏಳಲಿಲ್ಲ. ಆಕೆಯ ಬಂಧನದ ಮೇಲೆ ಊರಿನ ಕರಿಯರೆಲ್ಲ ಬಸ್ ಹತ್ತುವುದನ್ನೇ ಬಿಟ್ಟರು. ನಡೆದರು, ಇದ್ದವರ ಕಾರುಗಳಲ್ಲಿ ಹಂಚಿಕೊಂಡು ಹೋದರು. ಹೀಗೆ 381 ದಿನ. ಈ ಬಹಿಷ್ಕಾರದ ಮುಂದಾಳಾಗಿ ಲೋಕಕ್ಕೆ ಪರಿಚಿತನಾದವನು 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಕಾಲ್ವಿನ್ ಮತ್ತಿತರ ಮಹಿಳೆಯರು ಹೂಡಿದ ದಾವೆಯಲ್ಲಿ 1956ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಸ್ಸಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು ಎತ್ತಿಹಿಡಿಯಿತು.

ಇಂಗ್ಲೆಂಡಿನಲ್ಲಿ ಇಂಥದು ಇರಲಿಲ್ಲ ಎಂದುಕೊಳ್ಳಬೇಡಿ. ಬ್ರಿಸ್ಟಲ್ ನಗರದಲ್ಲಿ ಬಸ್ ಹತ್ತಲು ಅಡ್ಡಿಯಿರಲಿಲ್ಲ. ಆದರೆ ಏಷ್ಯದವರನ್ನೂ ಕರಿಯರನ್ನೂ ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಕಂಪನಿಯ ಹೆಸರು ಬ್ರಿಸ್ಟಲ್ ಓಮ್ನಿಬಸ್ ಕಂಪನಿ! ಬೋರ್ಡಿನ ಮೇಲೆ ‘ಎಲ್ಲರಿಗೆ’ ಎಂದು ಪೂರ್ತಿಯಾಗಿಯೇ ಬರೆದುಕೊಂಡಿದ್ದ ಕಂಪನಿಗೆ ಅದರ ಅರ್ಥ ಜ್ಞಾಪಿಸಲು 1963ರ ಏಪ್ರಿಲ್ ಕೊನೆಯಲ್ಲಿ ಪಾಲ್ ಸ್ಟೀಫನ್‌ಸನ್ ಮತ್ತು ಸಂಗಡಿಗರು ಬಸ್ ಬಹಿಷ್ಕಾರ ಆರಂಭಿಸಬೇಕಾಯಿತು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಅಂದೇ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತನ್ನ ಕನಸಿನ ಸುಪ್ರಸಿದ್ಧ ಭಾಷಣ ಮಾಡಿದ್ದು. ಸೆಪ್ಟೆಂಬರಿನಲ್ಲಿ ಆ ಕಂಪನಿ ನೇಮಿಸಿದ ಮೊದಲ ಬಿಳಿಯೇತರ ಕಂಡಕ್ಟರ್ ಭಾರತ ಮೂಲದ ಸಿಖ್ಖರು, ರಘಬೀರ್ ಸಿಂಗ್.

ಹದಿನೈದು ವರ್ಷಗಳ ಮೇಲೆ, 1978ರ ಜುಲೈ 5ರಂದು, ಅಮೆರಿಕದ ಡೆನ್ವರ್ ನಗರದ ಪ್ರಮುಖ ಕೂಡುರಸ್ತೆಯಲ್ಲಿ 19 ಮಂದಿ ಅಂಗವಿಕಲರು ತಮ್ಮ ಗಾಲಿಕುರ್ಚಿಗಳೊಡನೆ ಬಸ್ಸುಗಳಿಗೆ ಅಡ್ಡಲಾಗಿ ನಿಂತು ರಾತ್ರಿಯೆಲ್ಲ ಅಲ್ಲಿಯೇ ಕಳೆದರು. ಗಾಲಿಕುರ್ಚಿ ಏರಿಸುವ ಸಾಧನವಿಲ್ಲದ ಬಸ್ಸು ಎಲ್ಲರ ಬಸ್ಸು ಹೇಗಾದೀತು ಎಂಬುದು ಅವರ ಪ್ರಶ್ನೆ. 1990ರಲ್ಲಿ ಬಂದ ಅಮೆರಿಕದ ಅಂಗವಿಕಲರ ಕಾಯಿದೆ ಹೊಸ ಬಸ್ಸುಗಳಲ್ಲಿ ಈ ಸೌಕರ್ಯವನ್ನು ಕಡ್ಡಾಯ ಮಾಡಿತು. ನಿಯಮ, ದರ, ಏಣಿ, ಬಣ್ಣ, ಮೆಟ್ಟಿಲು. ಒಂದೊಂದು ಕಾಲಕ್ಕೆ ಒಂದೊಂದು ತಡೆ.

ನಮ್ಮ ದಾರಿಯಲ್ಲಿ

ಇನ್ನು ನಮ್ಮ ಕಡೆಗೆ ಬರೋಣ. ಮುಂಬಯಿಯಲ್ಲಿ ನಗರ ಸಾರಿಗೆಯ ಮೊದಲ ಮೋಟಾರು ಬಸ್ಸು ಓಡಿದ್ದು 1926ರ ಜುಲೈ 15ರಂದು. ಕನ್ನಡ ನಾಡಿನಲ್ಲಿ ಮೊದಲಿಗೆ ರಸ್ತೆಗಿಳಿದವರು ಖಾಸಗಿ ಮಾಲೀಕರು. ಕರಾವಳಿಯವರ ಬಾಯಲ್ಲಿ ಸಿ.ಪಿ.ಸಿ., ಹನುಮಾನ್, ಶಂಕರ್ ವಿಠಲ್ ಎಂಬ ಹೆಸರುಗಳು ಮನೆಮಾತಾಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ತತ್ವಾರ ಬಂದಾಗ ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಗ್ಯಾಸಿನ ಬಲದಿಂದ ಬಸ್ಸುಗಳು ಏದುಸಿರು ಬಿಡುತ್ತ ಘಾಟಿ ಹತ್ತಿದ್ದನ್ನು ಹಿರಿಯರು ಬಣ್ಣಿಸುತ್ತಿದ್ದರು.

ನಮ್ಮಲ್ಲಿ ತಡೆ ಯಾವುದೆಂದು ಹೇಳಬೇಕಾಗಿಲ್ಲ. ಒಂದೇ ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಕೂರುವುದು ಜಾತಿಯ ಕಟ್ಟುಪಾಡಿಗೆ ಹೊಡೆತವೇ. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ದಲಿತರನ್ನು ಹತ್ತಿಸದ ಖಾಸಗಿ ಬಸ್ಸುಗಳಿದ್ದವು. ರಾಮನಾಥಪುರಂ ಜಿಲ್ಲಾ ಬೋರ್ಡಿನ ಅಧ್ಯಕ್ಷರಾಗಿದ್ದ ಡಬ್ಲ್ಯೂ.ಪಿ.ಎ. ಸೌಂದರಪಾಂಡಿಯನ್ ಅವರು ಅಂಥ ಬಸ್ಸುಗಳ ಲೈಸೆನ್ಸ್ ರದ್ದು ಮಾಡುವುದಾಗಿ ಆಜ್ಞೆ ಹೊರಡಿಸಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಸಾರ್ವಜನಿಕ ವಾಹನ ಹತ್ತದಂತೆ ತಡೆಯುವುದನ್ನು ಸ್ಪಷ್ಟವಾಗಿ ಹೆಸರಿಸಿ ಅಪರಾಧವೆಂದಿತು. ಅದು ಜಾರಿಗೆ ಬಂದದ್ದು ಆ ವರ್ಷದ ಜೂನ್ 1ರಂದು. ರೋಸಾ ಪಾರ್ಕ್ಸ್ ಸೀಟು ಬಿಟ್ಟೇಳದೆ ಕುಳಿತದ್ದು ಸರಿಯಾಗಿ ಆರು ತಿಂಗಳ ಮೇಲೆ. ಒಂದೇ ವರ್ಷ ಎರಡು ದೇಶಗಳು ಒಂದೇ ಪ್ರಶ್ನೆಯ ಮುಂದೆ ನಿಂತಿದ್ದವು.

ಕಾಯಿದೆ ಬಂದರೂ ಬಸ್ಸು ಊರಿಗೆ ಬರಬೇಕಲ್ಲ? ಖಾಸಗಿಯವನು ಲಾಭ ಇದ್ದಲ್ಲಿ ಓಡಿಸುತ್ತಾನೆ. ಅದು ಅವನ ತಪ್ಪೂ ಅಲ್ಲ. ಸರ್ಕಾರದ ಬಸ್ಸು ಹುಟ್ಟಿದ್ದು ಈ ಕೊರತೆ ತುಂಬಲು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ಅದರ ಹೆಸರೂ ಬದಲಾಯಿತು. 1997ರಿಂದ 2000ದ ನಡುವೆ ಒಡೆದು ನಾಲ್ಕಾಯಿತು. ದೂರದ ನಗರಗಳ ನಡುವಿನ ಗಳಿಕೆಯಿಂದ ಕಾಡಂಚಿನ ಹಳ್ಳಿಯ ನಷ್ಟ ತುಂಬಿಸುವುದು ಇದರ ಹಿಂದಿನ ಲೆಕ್ಕಾಚಾರ. ಹತ್ತನೆಯ ತರಗತಿಗೆ ಓದು ಬಿಡಬೇಕಾಗಿದ್ದ ಎಷ್ಟೋ ಹುಡುಗಿಯರು ಕಾಲೇಜು ಕಂಡದ್ದು ಬೆಳಗಿನ ಒಂದು ಕೆಂಪು ಬಸ್ಸಿನಿಂದ.

ಸರ್ಕಾರವೂ ಅಲ್ಲದ, ಮಾಲೀಕನೂ ಇಲ್ಲದ ಮೂರನೆಯ ದಾರಿಯೊಂದನ್ನು ಮಲೆನಾಡು ತೋರಿಸಿತು. ಕೊಪ್ಪದಲ್ಲಿ ಖಾಸಗಿ ಸಾರಿಗೆ ಕಂಪನಿಯೊಂದು ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಡ್ರೈವರ್, ಕಂಡಕ್ಟರುಗಳೇ ಒಡೆಯರಾಗಿದ್ದ ‘ಸಹಕಾರ ಸಾರಿಗೆ’ ಮೂರು ದಶಕಗಳ ಹತ್ತಿರ ಆ ಗುಡ್ಡಗಾಡಿನ ಜನರ ಜೀವನಾಡಿಯಾಗಿತ್ತು. ಖರ್ಚು ಹೊರಲಾರದೆ 2020ರಲ್ಲಿ ನಿಂತಿತು. ‘ಎಲ್ಲರಿಗೆ’ ಎನ್ನುವುದಕ್ಕೆ ಬೆಲೆಯಿದೆ, ಅದನ್ನು ಯಾರಾದರೂ ತೆರಬೇಕು ಎಂಬ ಪಾಠವನ್ನೂ ಅದು ಬಿಟ್ಟುಹೋಯಿತು.

ಬಸ್ಸಿನೊಳಗಿನ ಕನ್ನಡವಂತೂ ಒಂದು ಪ್ರತ್ಯೇಕ ಉಪಭಾಷೆ. ‘ರೈಟ್ ರೈಟ್’, ‘ಹೋಲ್ಡಾನ್’, ‘ಚಿಲ್ಲರೆ ಕೊಡಿ’, ‘ಒಳಗೆ ಹೋಗಿ, ಹಿಂದೆ ಖಾಲಿ ಇದೆ’. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಪದ್ಧತಿ ರಾಜಕಾರಣಕ್ಕೂ ನುಗ್ಗಿದೆ. ಮಂತ್ರಿ ಪದವಿಗೆ ಯಾರು ಟವೆಲ್ ಹಾಕಿದ್ದಾರೆ ಎಂದು ಪತ್ರಿಕೆಗಳು ಬರೆಯುತ್ತವೆ. ನೆನಪಿಡಿ, ಟವೆಲ್ ಹಾಕುವ ಅಗತ್ಯ ಬರುವುದು ಸೀಟು ಎಲ್ಲರಿಗೂ ಸಾಲದಿದ್ದಾಗ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಇಲ್ಲವಾಯಿತು. ದೆಹಲಿ 2019ರಲ್ಲಿ, ತಮಿಳುನಾಡು 2021ರಲ್ಲಿ ಇಂಥ ಹೆಜ್ಜೆ ಇಟ್ಟಿದ್ದವು. ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್ 2020ರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಾರ್ವಜನಿಕ ಸಾರಿಗೆಯನ್ನೇ ಉಚಿತ ಮಾಡಿತ್ತು. 2025ರ ಜುಲೈ ಹೊತ್ತಿಗೆ ಶಕ್ತಿ ಯೋಜನೆಯ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇದರ ಖರ್ಚಿನ ಬಗೆಗೆ, ನೂಕುನುಗ್ಗಲಿನ ಬಗೆಗೆ, ದುಡ್ಡು ಕೊಟ್ಟು ನಿಂತು ಹೋಗುವ ಗಂಡಸರ ಅಸಮಾಧಾನದ ಬಗೆಗೆ ವಾದಗಳಿವೆ. ಅವು ನಡೆಯಬೇಕಾದ ವಾದಗಳೇ. ನಮ್ಮ ವಿಷಯಕ್ಕೆ ಸಂಬಂಧಿಸಿದಷ್ಟು ಹೇಳುವುದಾದರೆ, ಷಿಲಿಬಿಯರ್‌ನ ಒಂದು ಷಿಲ್ಲಿಂಗ್ ಎತ್ತಿದ ಪ್ರಶ್ನೆಯೇ ಇದು. ಹತ್ತಲು ಅಡ್ಡಿಯಿಲ್ಲದಿದ್ದರೂ ಕೈಯಲ್ಲಿ ಕಾಸಿಲ್ಲದವಳಿಗೆ ಬಸ್ಸು ತನ್ನದಾಗುವುದು ಹೇಗೆ?

ಕೊನೆಗೆ ಮತ್ತೆ ವ್ಯಾಕರಣಕ್ಕೆ. ಕನ್ನಡವು ಈ ಮಾತನ್ನು ತೆಗೆದುಕೊಂಡಾಗ ಸಕಾರಕ್ಕೆ ಒತ್ತು ಕೊಟ್ಟು, ಕೊನೆಗೆ ಉಕಾರ ಸೇರಿಸಿ ‘ಬಸ್ಸು’ ಎಂದು ತನ್ನದಾಗಿ ಮಾಡಿಕೊಂಡಿತು. ಆಮೇಲೆ ಅದಕ್ಕೆ ತನ್ನ ವಿಭಕ್ತಿಗಳನ್ನೂ ಹಚ್ಚಿತು. ‘ಬಸ್ಸಿಗೆ ಹೊತ್ತಾಯಿತು’ ಎಂದು ನಾವು ಅವಸರದಲ್ಲಿ ಹೇಳುವಾಗ ಲ್ಯಾಟಿನ್ನಿನ ಚತುರ್ಥೀ ಪ್ರತ್ಯಯಕ್ಕೆ ಕನ್ನಡದ ಚತುರ್ಥೀ ಪ್ರತ್ಯಯ ಸೇರಿಸುತ್ತಿರುತ್ತೇವೆ. ‘ಗೆ’ಗೆ ಇನ್ನೊಂದು ‘ಗೆ’! ಎರಡು ಭಾಷೆಗಳ ಎರಡು ಪ್ರತ್ಯಯಗಳು ಕೂಡಿದರೂ ಯಾರಿಗೆ ಎಂಬುದು ಮಾತ್ರ ಆ ಮಾತಿನಲ್ಲಿ ಇಲ್ಲ.

ಆ ಖಾಲಿ ಜಾಗವನ್ನು ನಿಘಂಟು ತುಂಬಲಾರದು. ಮುಂದಿನ ಸಲ ತುಂಬಿದ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಯಾರಾದರೂ ನಿಂತಿದ್ದರೆ, ಒಂದಿಷ್ಟು ಒಳಗೆ ಸರಿದು ಜಾಗ ಮಾಡಿಕೊಡಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಕಳಚಿಹೋದ ಆ ಮಾತಿನ ಮೊದಲರ್ಧ ಹತ್ತುತ್ತಿದೆ ಎಂದು ತಿಳಿಯಿರಿ.